ಉರುಳಿದ ಮರದಿಂದ ಒಂದು ಕಲಾಕೃತಿ: ಏಳು ತಿಂಗಳು, ಎರಡು ಸೋಲು, ಒಂದು ಫ್ರೀಜರ್

ಮೊನ್ನೆ ನನ್ನ ಕಲಾಕೃತಿಯನ್ನು ಪ್ರದರ್ಶನದವರ ಕೈಗೆ ಒಪ್ಪಿಸಿ ಬಂದೆ. ಮನೆಗೆ ಬಂದು ಖಾಲಿ ಮೇಜು ನೋಡಿದಾಗ ಮೊದಲು ಅನಿಸಿದ್ದು, ‘ಸದ್ಯ, ಇನ್ನು ಅಮ್ಮನ ಬೈಗುಳ ಇಲ್ಲ’ ಅಂತ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೂರಡಿ ಉದ್ದ, ಎರಡಡಿ ಅಗಲದ ಒಂದು ಹಲಗೆ. ಅದಕ್ಕೆ ಏಳು ತಿಂಗಳು ಹಿಡಿಯಿತು. ಕೈಯಿಂದ ಕೆಲಸ ಮಾಡಿದ ದಿನಗಳನ್ನೆಲ್ಲ ಕೂಡಿಸಿದರೆ ಮೂರು ವಾರವೂ ಆಗಲಿಕ್ಕಿಲ್ಲ. ಉಳಿದದ್ದೆಲ್ಲ ಕಾಯುವುದೇ. ಒಣಗಲಿ ಅಂತ, ಹುಳ ಸಾಯಲಿ ಅಂತ, ಅಂಟು ಹಿಡಿಯಲಿ ಅಂತ, ಒಂದು ಇಮೇಲ್ ಬರಲಿ ಅಂತ. ಎಲೆ, ಕಾಯಿ, ಕಟ್ಟಿಗೆ, ಬೀದಿಯಲ್ಲಿ ಸಿಕ್ಕಿದ ತಗಡು ಇಂಥದ್ದನ್ನೆಲ್ಲ ಸೇರಿಸಿ ಏನಾದರೂ ಮಾಡಬೇಕು ಅಂದುಕೊಂಡವರಿಗೆ ಈ ಬರಹ. ನಾನು ಎಡವಿದ ಕಡೆ ನೀವು ಎಡವಬೇಕಿಲ್ಲ.

ಶುರುವಾದದ್ದು ಹೀಗೆ. ಮನೆ ಎದುರಿನ ಗುಲ್‌ಮೊಹರ್ ಮರ ಒಂದು ರಾತ್ರಿಯ ಗಾಳಿಗೆ ಬುಡಸಮೇತ ಉರುಳಿತು. ಬೆಳಗ್ಗೆ ಕತ್ತರಿಸಲು ಬಂದವರು ಗರಗಸ ಇಟ್ಟರೆ ಕಿರ್ ಅಂತ ಸದ್ದು, ಜೊತೆಗೆ ಕಿಡಿ. ಒಳಗೆ ಮೊಳೆ! ಒಂದಲ್ಲ, ಹತ್ತಾರು. ವರ್ಷಗಟ್ಟಲೆ ಆ ಕಾಂಡಕ್ಕೆ ಜಾಹೀರಾತು ಹೊಡೆದವರ ಮೊಳೆಗಳನ್ನೆಲ್ಲ ಮರ ಮೆಲ್ಲಗೆ ನುಂಗಿಕೊಂಡಿತ್ತು. ಒಂದು ಕಡೆ ತಂತಿಯ ಸುತ್ತು ತೊಗಟೆಯೊಳಗೇ ಸೇರಿಹೋಗಿತ್ತು. ಮೊಳೆಗಳ ಸುತ್ತ ಮರ ಶಾಯಿ ಚೆಲ್ಲಿದ ಹಾಗೆ ಕಪ್ಪಾಗಿತ್ತು. ಮರದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಕಬ್ಬಿಣದ ಜೊತೆ ಸೇರಿದರೆ ಹೀಗೆ ಕಪ್ಪಾಗುತ್ತದೆ. ಹಳೆ ಕಾಲದಲ್ಲಿ ಬರೆಯುವ ಶಾಯಿಯನ್ನು ಮಾಡುತ್ತಿದ್ದದ್ದೂ ಈ ಎರಡರಿಂದಲೇ ಅಂತ ಆಮೇಲೆ ಓದಿದೆ.

ಅದನ್ನು ನೋಡುತ್ತಾ ನಿಂತಾಗಲೇ ಈ ಮರದ್ದೇ ಏನಾದರೂ ಮಾಡಬೇಕು ಅನಿಸಿತು. ಕತ್ತರಿಸುತ್ತಿದ್ದವರನ್ನು ಕೇಳಿದೆ. ಅವರು ನಕ್ಕು, ‘ತಗೊಳ್ಳಿ, ನಮಗೇನು’ ಅಂದರು. ಕಾಂಡದ ಒಂದು ಬಿಲ್ಲೆ, ತೊಗಟೆಯ ಚೂರುಗಳು, ನಲವತ್ತು ಚಿಲ್ಲರೆ ಒಣ ಕಾಯಿ, ಒಂದು ಡಬ್ಬಿ ಮೊಳೆ, ತಂತಿ, ಬುಡದ ಮಣ್ಣಿನಲ್ಲಿ ಹೂತಿದ್ದ ಬಾಟಲಿ ಮುಚ್ಚಳಗಳು, ಮುರಿದ ಒಂದು ಕೀಲಿಕೈ, ಬೇರು ಕಿತ್ತ ಗುಂಡಿಯ ಕೆಂಪು ಮಣ್ಣು, ಹರಿದ ಒಂದು ಜಾಹೀರಾತಿನ ಚೂರು. ಆ ಚೂರಿನ ಮೇಲೆ ‘ಬೇಕಾಗಿ’ ಅಂತ ಮಾತ್ರ ಉಳಿದಿತ್ತು. ‘ಬೇಕಾಗಿದ್ದಾರೆ’ ಅಂತ ಇದ್ದಿರಬೇಕು. ಯಾರು ಬೇಕಾಗಿದ್ದರೋ.

(ಇಲ್ಲೊಂದು ಮಾತು. ಬಿದ್ದದ್ದೆಲ್ಲ ಎತ್ತಿಕೊಳ್ಳಬಹುದು ಅಂತಿಲ್ಲ. ಉದ್ಯಾನ, ಕಾಡು, ಕಡಲ ತೀರಗಳಿಗೆ ಎಷ್ಟೋ ಕಡೆ ನಿಯಮಗಳಿವೆ. ಕೇಳಿ ತೆಗೆದುಕೊಳ್ಳಿ. ಯಾವುದು ಎಲ್ಲಿ ಸಿಕ್ಕಿತು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಅರ್ಜಿ ತುಂಬುವಾಗ ನನ್ನನ್ನು ಕಾಪಾಡಿದ್ದು ಆ ಪುಸ್ತಕ.)

ಮೊದಲ ತಪ್ಪು ಅವತ್ತೇ ಆಯಿತು. ಎಲ್ಲವನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ, ಮೂಲೆಯಲ್ಲಿಟ್ಟು ಮರೆತೆ. ಐದು ದಿನ ಬಿಟ್ಟು ಬಿಚ್ಚಿದರೆ ತೊಗಟೆಯ ಮೇಲೆಲ್ಲ ಬಿಳಿ ಬೂಸ್ಟು. ಹಸಿ ವಸ್ತುವಿನಲ್ಲಿ ನೀರಿರುತ್ತದೆ, ಅದಕ್ಕೆ ಹೊರಗೆ ಹೋಗಲು ದಾರಿ ಬೇಕು. ಕಾಗದದ ಚೀಲ ಅಥವಾ ಬಿಡಿಸಿ ಹರಡಿದ ಹಳೆ ಪೇಪರ್ ಸಾಕು. ಅರ್ಧ ತೊಗಟೆ ಎಸೆದೆ.

ಹೂವಿನ ಕಥೆ ಚಿಕ್ಕದು. ಕೆಂಪು ದಳಗಳನ್ನು ಪೇಪರ್ ನಡುವೆ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿದೆ. ಮೊದಲ ವಾರ ದಿನಾ ಪೇಪರ್ ಬದಲಿಸಿದೆ. ಮೂರು ವಾರಕ್ಕೆ ಚೆನ್ನಾಗಿಯೇ ಒಣಗಿದವು. ಬಣ್ಣ ಮಾತ್ರ ಕೆಂಪಿನಿಂದ ನೇರಳೆ ಮಿಶ್ರಿತ ಕಂದಿಗೆ ತಿರುಗಿತು. ಇರಲಿ ಅಂತ ಸುಮ್ಮನಾದೆ. ಆದರೆ ಒಂದು ದಳವನ್ನು ಕಿಟಕಿ ಹತ್ತಿರ ಅಂಟಿಸಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಬಿಟ್ಟಿದ್ದೆ. ತಿಂಗಳು ಬಿಟ್ಟು ಕಾಗದ ತೆಗೆದರೆ ಬಿಸಿಲಿಗೆ ಬಿದ್ದ ಅರ್ಧ ಒಣಹುಲ್ಲಿನ ಬಣ್ಣ! ಹೂವಿನ ಬಣ್ಣ, ಅರಿಸಿನ, ಬೀಟ್‌ರೂಟ್ ಎಲ್ಲ ಬೆಳಕಿಗೆ ಹೀಗೇ ಹಾರಿಹೋಗುತ್ತವೆ. ನೀವು ಯಾವುದೇ ಬಣ್ಣದ ವಸ್ತು ಬಳಸಿ, ಈ ಅರ್ಧ ಮುಚ್ಚುವ ಪರೀಕ್ಷೆಯನ್ನು ಮೊದಲ ದಿನವೇ ಶುರು ಮಾಡಿ. ಅದಕ್ಕೆ ಖರ್ಚೂ ಇಲ್ಲ, ಕೆಲಸವೂ ಇಲ್ಲ. ದಳಗಳನ್ನು ಕೈಬಿಟ್ಟೆ.

ಎರಡನೇ ತಿಂಗಳ ಕೊನೆಗೆ ಒಂದು ಪ್ರದರ್ಶನಕ್ಕೆ ಅರ್ಜಿ ಕರೆದಿದ್ದರು. ಕೊನೆ ದಿನಕ್ಕೆ ಹದಿನೆಂಟೇ ದಿನ. ಅವಸರಕ್ಕೆ ಬಿದ್ದೆ. ಮನೆಯಲ್ಲಿದ್ದ ಕ್ಯಾನ್ವಾಸಿನ ಮೇಲೆ ಗ್ಲೂ ಗನ್ನಿನಿಂದ (ಅಂಟಿನ ಕಡ್ಡಿಯನ್ನು ಬಿಸಿಯಿಂದ ಕರಗಿಸಿ ಹಚ್ಚುವ ಸಾಧನ) ಕಾಯಿಗಳನ್ನು ಸಾಲಾಗಿ ಅಂಟಿಸಿದೆ. ಗುಲ್‌ಮೊಹರ್ ಕಾಯಿ ನೋಡಿದ್ದೀರಲ್ವಾ? ಕತ್ತಿಯ ಹಾಗೆ ಉದ್ದ, ಕಪ್ಪು, ಮರದಷ್ಟೇ ಗಟ್ಟಿ, ಅಲ್ಲಾಡಿಸಿದರೆ ಬೀಜ ಗಲಗಲ ಅನ್ನುತ್ತವೆ. ಸಾಲಾಗಿ ನಿಂತಾಗ ಬೇಲಿಯ ಹಾಗೆ ಕಂಡವು. ಅವತ್ತು ರಾತ್ರಿ ಅದನ್ನು ನಾಲ್ಕು ಸಲ ಎದ್ದು ನೋಡಿದ್ದೇನೆ, ಸುಳ್ಳಲ್ಲ.

ನಾಲ್ಕನೇ ದಿನ ಕ್ಯಾನ್ವಾಸಿನ ಕೆಳಗೆ ಮೇಜಿನ ಮೇಲೆ ಹಿಟ್ಟಿನಂಥ ಪುಡಿ. ಒರೆಸಿದೆ. ಮರುದಿನ ಮತ್ತೆ. ಟಾರ್ಚ್ ಹಿಡಿದು ನೋಡಿದರೆ ಕಾಯಿಗಳಲ್ಲಿ ಸೂಜಿಯಿಂದ ಚುಚ್ಚಿದ ಹಾಗೆ ದುಂಡು ತೂತುಗಳು. ಕುಟ್ಟೆ! ಹುಳ ಒಳಗಿದ್ದುಕೊಂಡು ಬೀಜ ತಿಂದು, ಬೆಳೆದು, ತೂತು ಕೊರೆದು ಹೊರಗೆ ಬರುತ್ತಿತ್ತು. ಒಂದು ಚಿಕ್ಕ ಜೀರುಂಡೆ ನನ್ನ ಕಣ್ಣೆದುರೇ ಹೊರಬಂದು ಆರಾಮಾಗಿ ನಡೆದುಹೋಯಿತು. ಅದೇ ಹೊತ್ತಿಗೆ ಭಾರಕ್ಕೆ ಕ್ಯಾನ್ವಾಸ್ ನಡುವೆ ಜೋತುಬಿದ್ದಿತ್ತು. ಮಧ್ಯಾಹ್ನದ ಬಿಸಿಗೆ ಗ್ಲೂ ಗನ್ನಿನ ಅಂಟು ಮೆತ್ತಗಾಗಿ ಎರಡು ಕಾಯಿ ಉದುರಿದವು. ಅಳು ಬಂತು. ಅರ್ಜಿ ಹಾಕಲಿಲ್ಲ.

ಅದಾದ ಮೇಲೆ ಒಂದು ವಾರ ಅದರ ಹತ್ತಿರವೂ ಹೋಗಲಿಲ್ಲ. ಆಮೇಲೆ ಓದಲು ಕೂತೆ. ವಸ್ತು ಸಂಗ್ರಹಾಲಯಗಳಲ್ಲಿ ಮರ, ಬಟ್ಟೆ, ಗರಿಯಂಥ ವಸ್ತುಗಳಲ್ಲಿ ಹುಳ ಕಂಡರೆ ಔಷಧಿ ಹೊಡೆಯುವ ಬದಲು ಥಂಡಿಗೆ ಇಡುತ್ತಾರಂತೆ. ಮನೆಯ ಫ್ರೀಜರ್ ಸಾಮಾನ್ಯವಾಗಿ ಸೊನ್ನೆಗಿಂತ 18 ಡಿಗ್ರಿ ಕೆಳಗಿರುತ್ತದೆ, ಅದರಲ್ಲೂ ಆಗುತ್ತದೆ. ವಸ್ತು ಮೊದಲು ಪೂರ್ತಿ ಒಣಗಿರಬೇಕು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿಯಾಗಿ ಮುಚ್ಚಿ ಎರಡು ವಾರ ಇಡಬೇಕು. (ಇಲ್ಲಿ ಪ್ಲಾಸ್ಟಿಕ್ಕೇ ಬೇಕು, ಹಸಿ ತೊಗಟೆಗೆ ಬೇಡ ಅಂದದ್ದು ಇದೇ ಪ್ಲಾಸ್ಟಿಕ್.) ಹೊರಗೆ ತೆಗೆದ ಕೂಡಲೇ ಬಿಚ್ಚಬಾರದು. ಒಂದು ದಿನ ಹಾಗೇ ಬಿಟ್ಟರೆ ನೀರಿನ ಪಸೆ ಚೀಲದ ಹೊರಗೆ ಕೂರುತ್ತದೆ. ಬೇಗ ಬಿಚ್ಚಿದರೆ ಅದೇ ಪಸೆ ಕಾಯಿ ಮೇಲೆ ಕೂತು ಮತ್ತೆ ಬೂಸ್ಟು. ಮೊಟ್ಟೆ ಏನಾದರೂ ಉಳಿದಿದ್ದರೆ ಅಂತ ನಾನು ಮತ್ತೊಂದು ವಾರ ಇಟ್ಟೆ.

‘ಏನೇ ಇದು, ಫ್ರೀಜರ್ ತುಂಬಾ ಕಸ?’ ಅಂದರು ಅಮ್ಮ.

‘ಕಸ ಅಲ್ಲಮ್ಮ, ಕಾಯಿ.’

‘ಹುಳ ಇದೆ ಅಂದ್ಯಲ್ಲ?’

‘ಇತ್ತು. ಈಗ ಸತ್ತಿರತ್ತೆ.’

ಇದು ಅವರಿಗೆ ಸಮಾಧಾನದ ಮಾತಾಗಿ ಕೇಳಲಿಲ್ಲ. ಚೀಲದ ಮೇಲೆ ಇನ್ನೊಂದು ಚೀಲ, ಅದರ ಮೇಲೊಂದು ಡಬ್ಬಿ ಆಯಿತು. ಕಾಯಿ ಆದ ಮೇಲೆ ತೊಗಟೆಯ ಸರದಿ. ಹೀಗೆ ಒಂದೂವರೆ ತಿಂಗಳು ನಮ್ಮ ಮನೆಯಲ್ಲಿ ಐಸ್ ಇರಲಿಲ್ಲ.

ಈ ನಡುವೆ ಕಾಂಡದ ಬಿಲ್ಲೆ ತನ್ನಷ್ಟಕ್ಕೆ ಒಣಗುತ್ತಿತ್ತು. ಅದೇ ಕೃತಿಯ ನಡುವಿನ ಭಾಗ ಅಂತ ತೀರ್ಮಾನಿಸಿದ್ದೆ. ಎರಡು ಅಂಗುಲ ದಪ್ಪ, ತಟ್ಟೆಯ ಹಾಗೆ ದುಂಡು. ಹಸಿ ಹಲಗೆ ಗಾಳಿಯಲ್ಲಿ ಒಣಗಲು ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಅಂತ ಬಡಗಿಗಳ ಲೆಕ್ಕ. ಬಿಲ್ಲೆಯಲ್ಲಿ ನೀರು ಎರಡೂ ಮುಖದಿಂದ ಹೋಗುವುದರಿಂದ ಅಷ್ಟು ಬೇಡ. ಆದರೆ ಹಾಗೆ ಬೇಗ ಒಣಗುವುದೇ ಅಪಾಯ. ಒಂದು ಬೆಳಗ್ಗೆ ಟಪ್ ಅಂತ ಸದ್ದು ಕೇಳಿ ಹೋಗಿ ನೋಡಿದರೆ ಅಂಚಿನಿಂದ ನಡುವಿನ ತನಕ ಬಿರುಕು. ವಾರದಲ್ಲಿ ಅದು ಬೆರಳು ತೂರುವಷ್ಟು ಅಗಲವಾಯಿತು.

ಬಿಲ್ಲೆ ಬಿರಿಯುವುದು ನಮ್ಮ ತಪ್ಪಲ್ಲ, ಮರದ ಗುಣ. ಒಣಗುವಾಗ ಮರ ಉಂಗುರಗಳ ಸುತ್ತಳತೆಯಲ್ಲಿ ಕುಗ್ಗುವುದು, ನಡುವಿನಿಂದ ಅಂಚಿಗೆ ಕುಗ್ಗುವುದರ ಸುಮಾರು ಎರಡರಷ್ಟು. ಸುತ್ತಳತೆ ಜಾಸ್ತಿ ಕುಗ್ಗಿದರೆ ಎಲ್ಲಾದರೂ ಬಾಯಿ ಬಿಡಲೇಬೇಕು. ಬಿರುಕು ಬೇಡವೇ ಬೇಡ ಅಂದರೆ ಎರಡೂ ಮುಖಕ್ಕೆ ಮೇಣ ಹಚ್ಚಿ ನಿಧಾನಕ್ಕೆ ಒಣಗಿಸಬೇಕು, ಆಗಲೂ ಖಾತ್ರಿ ಇಲ್ಲ.

ಹೊಟ್ಟು ತುಂಬಿ ಮುಚ್ಚೋಣ ಅಂತ ಎರಡು ದಿನ ಯೋಚಿಸಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ತಂತಿಯ ಸುತ್ತು, ಮರ ನುಂಗಿದ್ದ ಅದೇ ತಂತಿ. ಬಿರುಕಿನ ಎರಡೂ ಬದಿಗೆ ಸಣ್ಣ ತೂತು ಕೊರೆದು, ಗಾಯಕ್ಕೆ ಹೊಲಿಗೆ ಹಾಕಿದ ಹಾಗೆ ಆ ತಂತಿಯಿಂದಲೇ ಹೊಲಿದೆ. ಬಿಗಿಯಾಗಿ ಎಳೆಯಲಿಲ್ಲ, ಮರ ಮಳೆಗಾಲಕ್ಕೊಮ್ಮೆ ಹಿಗ್ಗಿ ಮತ್ತೆ ಕುಗ್ಗುತ್ತದಲ್ಲ. ಏಳು ತಿಂಗಳಲ್ಲಿ ನನಗೆ ನಿಜವಾಗಿ ಖುಷಿ ಕೊಟ್ಟ ದಿನ ಅದು. ಕೃತಿ ಹೇಗಿರಬೇಕು ಅಂತ ಗೊತ್ತಾದದ್ದೂ ಅವತ್ತೇ.

ಕ್ಯಾನ್ವಾಸ್ ಬಿಟ್ಟು ಪ್ಲೈವುಡ್‌ಗೆ ಬಂದೆ. ಗಟ್ಟಿ ಇರಲಿ ಅಂತ 18 ಮಿಲಿಮೀಟರ್ ದಪ್ಪದ್ದು ತಂದೆ. ಈ ಸಲ ಬುದ್ಧಿ ಬಂದಿತ್ತು. ಏನನ್ನೂ ಅಂಟಿಸದೆ ಎಲ್ಲವನ್ನೂ ಸುಮ್ನೆ ಜೋಡಿಸಿ ಫೋಟೋ ತೆಗೆದೆ, ತೂಕ ನೋಡಿದೆ. (ತೂಕದ ಯಂತ್ರದ ಮೇಲೆ ನೀವು ನಿಂತು, ಆಮೇಲೆ ಅದನ್ನು ಹಿಡಿದು ನಿಂತು, ಕಳೆದರಾಯಿತು.) ಹನ್ನೊಂದು ಕಿಲೋ! ಮುಂದಿನ ಪ್ರದರ್ಶನದವರ ಮಿತಿ ಎಂಟು. ಹಲಗೆಯೇ ಆರು ಕಿಲೋ ಹತ್ತಿರ ಇತ್ತು. 9 ಮಿಲಿಮೀಟರ್ ಪ್ಲೈವುಡ್‌ಗೆ ಹೋಗಿ ಮೂರು ಕಿಲೋ ಉಳಿಸಿದೆ, ಹಿಂದೆ ಬಾಗದಂತೆ ತೆಳು ಪಟ್ಟಿ ಹೊಡೆದೆ. ಬಿಲ್ಲೆಯನ್ನು ಹಿಂದಿನಿಂದ ಸೀಳಿಸಿ ತೆಳುವಾಗಿಸಿದೆ. ಕೊನೆಗೆ ಏಳೂವರೆ ಕಿಲೋ ಆಯಿತು. ಹಲಗೆಯ ಎರಡೂ ಮುಖಕ್ಕೆ ಬಣ್ಣದ ಅಸ್ತರಿ (ಪ್ರೈಮರ್) ಹೊಡೆಯಲು ಮರೆಯಬೇಡಿ. ಒಂದೇ ಮುಖಕ್ಕೆ ಹೊಡೆದರೆ ಒಂದು ಬದಿ ತೇವ ಹೀರುತ್ತದೆ, ಇನ್ನೊಂದು ಹೀರುವುದಿಲ್ಲ, ಹಲಗೆ ಬಾಗುತ್ತದೆ.

ಹಿನ್ನೆಲೆಯ ಬಣ್ಣಕ್ಕೆ ಬೇರಿನ ಗುಂಡಿಯ ಮಣ್ಣು ಇತ್ತು. ಇದು ಎಷ್ಟು ಸುಲಭ ಅಂದರೆ ಮೊದಲೇ ಯಾಕೆ ಮಾಡಲಿಲ್ಲ ಅನಿಸಿತು. ಮಣ್ಣನ್ನು ಬಕೆಟ್ ನೀರಿನಲ್ಲಿ ಕಲಕಿ ಅರ್ಧ ನಿಮಿಷ ಬಿಡಿ. ಮರಳು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಪಾತ್ರೆಗೆ ಬಗ್ಗಿಸಿ. ಹೀಗೆ ಎರಡು ಮೂರು ಸಲ. ಕೊನೆಯ ಪಾತ್ರೆಯನ್ನು ರಾತ್ರಿಯಿಡೀ ಅಲುಗಿಸದೆ ಇಟ್ಟರೆ ತಳದಲ್ಲಿ ಬೆಣ್ಣೆಯಂಥ ಕೆಸರು ಕೂರುತ್ತದೆ. ಮೇಲಿನ ತಿಳಿ ಚೆಲ್ಲಿ, ಕೆಸರನ್ನು ಒಣಗಿಸಿ, ಪುಡಿ ಮಾಡಿ, ಅಕ್ರಿಲಿಕ್ ಮೀಡಿಯಂ (ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟಿನಂಥ ದ್ರವ) ಜೊತೆ ಅರೆದರೆ ಬಣ್ಣ ಸಿದ್ಧ. ಮೀಡಿಯಂ ಕಮ್ಮಿಯಾದರೆ ಒಣಗಿದ ಮೇಲೆ ಬೆರಳಿಗೆ ಪುಡಿ ಹತ್ತುತ್ತದೆ, ನನ್ನ ಮೊದಲ ಪದರ ಹಾಗೇ ಆಯಿತು. ಮಣ್ಣಿನ ಕೆಂಪಿಗೆ ಕಾರಣ ಕಬ್ಬಿಣದ ಆಕ್ಸೈಡ್, ಅದು ಬೆಳಕಿಗೆ ಮಾಸುವುದಿಲ್ಲ. ಗುಹೆಗಳ ಗೋಡೆಯ ಮೇಲೆ ಸಾವಿರಾರು ವರ್ಷದಿಂದ ಉಳಿದಿರುವುದೂ ಇದೇ ಕೆಂಪು. ಕಿಟಕಿಯ ಪರೀಕ್ಷೆಯಲ್ಲಿ ಮುಚ್ಚಿದ ಅರ್ಧಕ್ಕೂ ತೆರೆದ ಅರ್ಧಕ್ಕೂ ವ್ಯತ್ಯಾಸವೇ ಕಾಣಲಿಲ್ಲ.

ಅದೇ ಕಬ್ಬಿಣ ಮೊಳೆಯ ರೂಪದಲ್ಲಿ ಕಾಟ ಕೊಟ್ಟಿತು. ಒಂದು ಮೂಲೆಯನ್ನು ಬಿಳಿಯಾಗಿ ಬಿಟ್ಟು, ಅಸ್ತರಿ ಹಸಿ ಇರುವಾಗಲೇ ಮೊಳೆಗಳನ್ನು ಒತ್ತಿ ಕೂರಿಸಿದ್ದೆ. ಬೆಳಗಾಗುವಷ್ಟರಲ್ಲಿ ಪ್ರತಿ ಮೊಳೆಯ ಸುತ್ತ ಕಿತ್ತಳೆ ಕಲೆ. ನೀರಿನ ಬಣ್ಣ, ನೀರಿನ ಅಂಟು ಯಾವುದು ತಾಕಿದರೂ ತುಕ್ಕಿನ ಕಲೆ ಹರಡುತ್ತದೆ. ಮೊಳೆ ಕಿತ್ತು, ಸಡಿಲ ತುಕ್ಕನ್ನು ಬ್ರಷ್ಷಿನಿಂದ ಉಜ್ಜಿ, ಟ್ಯಾನಿಕ್ ಆಮ್ಲ ಇರುವ ತುಕ್ಕು ನಿವಾರಕ ಹಚ್ಚಿದೆ. ತುಕ್ಕು ಕಪ್ಪಾಗಿ ಗಟ್ಟಿಯಾಯಿತು. ಮರದೊಳಗೆ ಮೊಳೆಯ ಸುತ್ತ ಆಗಿದ್ದೂ ಇದೇ ಅಲ್ವಾ! ಮೇಲೆ ತೆಳುವಾಗಿ ಮೇಣ ಉಜ್ಜಿದೆ. ಕಲೆ ಬಿದ್ದ ಮೂಲೆಯನ್ನು ಮುಚ್ಚಲು ಹೋಗಲಿಲ್ಲ, ಅದು ಚೆನ್ನಾಗಿಯೇ ಇತ್ತು.

ಅಂಟಿಗೆ ನಾನು ಸುರಿದ ದುಡ್ಡು ನೆನೆದರೆ ಹೊಟ್ಟೆ ಉರಿಯುತ್ತದೆ. ಮೂರು ಬಗೆ ತಂದು ಎರಡನ್ನು ಎಸೆದೆ. ಬಿಳಿ ಅಂಟಿನಲ್ಲಿರುವ ನೀರನ್ನು ಅಂಟಿಸುವ ವಸ್ತು ಹೀರಿಕೊಳ್ಳಬೇಕು, ಆಗಲೇ ಅದು ಹಿಡಿಯುವುದು. ಮರಕ್ಕೆ ಕಾಯಿ, ಮರಕ್ಕೆ ಕಾಗದ ಅದರಿಂದ ಚೆನ್ನಾಗಿ ನಿಲ್ಲುತ್ತವೆ. ಬಣ್ಣ ಹೊಡೆದ ಹಲಗೆಗೆ ಬಾಟಲಿ ಮುಚ್ಚಳ ಅಂಟಿಸಿ ನೋಡಿ, ಎರಡು ದಿನಕ್ಕೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಲೋಹಕ್ಕೆ ಎರಡು ಟ್ಯೂಬಿನಲ್ಲಿ ಬರುವ, ಬೆರೆಸಿ ಹಚ್ಚುವ ಎಪಾಕ್ಸಿ ಅಂಟೇ ಸರಿ. ಲೋಹವನ್ನು ಸ್ಯಾಂಡ್ ಪೇಪರ್‌ನಿಂದ ಒರಟು ಮಾಡಿ, ಸ್ಪಿರಿಟ್‌ನಿಂದ ಒರೆಸಿ, ಎರಡನ್ನೂ ಹೇಳಿದ ಅಳತೆಯಲ್ಲೇ ಬೆರೆಸಬೇಕು. ಐದು ನಿಮಿಷದಲ್ಲಿ ಗಟ್ಟಿಯಾಯಿತು ಅನಿಸಿದರೂ ಒಂದು ದಿನ ಮುಟ್ಟಬೇಡಿ. ಕೈಗವಸು ಬೇಕೇ ಬೇಕು, ಕಿಟಕಿ ತೆರೆದಿರಲಿ. ನಾನು ಬರಿಗೈಯಲ್ಲಿ ಕಲಸಿ ಹತ್ತು ದಿನ ಬೆರಳು ತುರಿಸಿಕೊಂಡೆ. ಆದರೂ ನನ್ನನ್ನು ಕೇಳಿದರೆ, ಕಟ್ಟಲು ಆಗುವುದನ್ನು ಅಂಟಿಸಲೇಬೇಡಿ. ಕಾಯಿಗಳನ್ನೆಲ್ಲ ಕೊನೆಗೆ ಹಿಂದಿನಿಂದ ತಂತಿ ಹಾಕಿ ಕಟ್ಟಿದೆ. ಅವು ಅಲುಗುತ್ತಿಲ್ಲ.

ಜಾಹೀರಾತಿನ ಚೂರನ್ನು ಎಲ್ಲಿಡುವುದು ಅಂತ ಬಹಳ ದಿನ ಗೊತ್ತಾಗಲಿಲ್ಲ. ಕುರ್ಟ್ ಶ್ವಿಟರ್ಸ್ ಎಂಬ ಜರ್ಮನ್ ಕಲಾವಿದರು 1919ರಲ್ಲಿ ಟಿಕೆಟ್, ತಂತಿ, ಮರದ ಚೂರುಗಳಿಂದ ಕೃತಿ ಮಾಡಲು ತೊಡಗಿದಾಗ, ಒಂದು ಬ್ಯಾಂಕಿನ ಜಾಹೀರಾತಿನಲ್ಲಿದ್ದ ‘ಕೊಮರ್ಜ್’ ಎಂಬ ಪದದ ಕೊನೆಯ ಭಾಗವನ್ನಷ್ಟೇ ಉಳಿಸಿಕೊಂಡು ‘ಮರ್ಜ್’ ಅಂತ ತಮ್ಮ ಕಲೆಗೇ ಹೆಸರಿಟ್ಟರು. ಅದನ್ನು ಓದಿ ಧೈರ್ಯ ಬಂತು. ‘ಬೇಕಾಗಿ’ ನನ್ನ ಕೃತಿಯ ಹೆಸರಾಯಿತು. ಚೂರಿಗೆ ಎರಡೂ ಬದಿ ಮೀಡಿಯಂ ಹಚ್ಚಿ ಬಿಲ್ಲೆಯ ಕೆಳಗೆ ಕೂರಿಸಿದೆ. ಅಗ್ಗದ ಕಾಗದ ಹಳದಿಯಾಗುತ್ತಲೇ ಹೋಗುತ್ತದೆ, ಅದು ಗೊತ್ತಿದ್ದೇ ಇಟ್ಟೆ.

ಎಲ್ಲ ಮುಗಿಯಿತು ಅಂದುಕೊಂಡಾಗ ಅರ್ಜಿ. ‘ಮಾಧ್ಯಮ’ ಎಂಬ ಕಡೆ ‘ಮಿಶ್ರ ಮಾಧ್ಯಮ’ ಅಂತ ಬರೆದು ಕಳಿಸಿದೆ. ಒಂಬತ್ತು ದಿನ ಬಿಟ್ಟು ಉತ್ತರ ಬಂತು: ಪ್ರತಿಯೊಂದು ವಸ್ತುವಿನ ಹೆಸರು, ಅದು ಎಲ್ಲಿಂದ ಬಂತು, ಹುಳಕ್ಕೆ ಏನು ಮಾಡಿದ್ದೀರಿ, ತೂಕ ಎಷ್ಟು, ಗೋಡೆಗೆ ತೂಗುಹಾಕುವುದು ಹೇಗೆ. ನೋಟ್ ಪುಸ್ತಕ ತೆಗೆದು ಒಂದೂವರೆ ಪುಟ ಬರೆದೆ. ತೊಡಕಾದದ್ದು ಒಂದೇ, ಗರಿ. ಮರದ ಗೂಡಿನಲ್ಲಿ ಸಿಕ್ಕಿದ್ದ ಒಂದು ಪುಟ್ಟ ಗರಿಯನ್ನು ಬಿರುಕಿನ ಬಾಯಲ್ಲಿ ಇಟ್ಟಿದ್ದೆ. ಯಾವ ಹಕ್ಕಿಯದ್ದು ಅಂತ ಕೇಳಿದರು, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೆ ತೆಗೆಯಿರಿ ಅಂದರು. ಮೊದಲು ಸಿಟ್ಟು ಬಂತು. ಆದರೆ ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ ಅಲ್ಲಿನ ಹೆಚ್ಚಿನ ಕಾಡುಹಕ್ಕಿಗಳ ಗರಿಯನ್ನು, ಅದು ನೆಲದ ಮೇಲೆ ಬಿದ್ದು ಸಿಕ್ಕಿದ್ದೇ ಆದರೂ, ಇಟ್ಟುಕೊಳ್ಳುವ ಹಾಗಿಲ್ಲ. ಹವಳದ ಚೂರನ್ನು ಗಡಿ ದಾಟಿಸಲು 1975ರಿಂದ ಜಾರಿಯಲ್ಲಿರುವ ಸೈಟಿಸ್ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ) ಒಪ್ಪಂದದ ಪರವಾನಗಿ ಕೇಳಬಹುದು. ಕೃತಿ ಬೇರೆ ದೇಶಕ್ಕೆ ಹೋಗುವುದಿದ್ದರೆ ಕಾಯಿ, ತೊಗಟೆಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗಬಹುದು. ಗರಿ, ಚಿಪ್ಪು, ಹವಳ, ಮೂಳೆ ಇದ್ದರೆ ಅಂಟಿಸುವ ಮೊದಲೇ ವಿಚಾರಿಸಿ. ಗರಿ ತೆಗೆದೆ. ಬಿರುಕು ಖಾಲಿಯಾಗಿ ಇನ್ನೂ ಚೆನ್ನಾಗಿ ಕಂಡಿತು, ಇದನ್ನು ಅವರಿಗೆ ಹೇಳಲಿಲ್ಲ.

ಆಯ್ಕೆಯಾಗಿದೆ ಅಂತ ತಿಳಿಯಲು ಮತ್ತೆ ಮೂರು ವಾರ. ಫೋಟೋ ತೆಗೆಯುವಾಗ ಬೆಳಕು ಒಂದು ಬದಿಯಿಂದ ಬೀಳುವ ಹಾಗೆ ನೋಡಿಕೊಳ್ಳಿ, ಎದುರಿನಿಂದ ಬಿದ್ದರೆ ಕಾಯಿ, ಮೊಳೆ ಎಲ್ಲ ಚಪ್ಪಟೆ ಕಾಣುತ್ತವೆ. ಹಿಂದೆ ಎರಡು ಬದಿಗೆ ಡಿ ಆಕಾರದ ಕೊಂಡಿ ಹಾಕಿ ತಂತಿ ಕಟ್ಟಿದೆ, ಕೃತಿಯ ಹೆಸರು, ವರ್ಷ, ಅಳತೆ ಬರೆದ ಚೀಟಿ ಅಂಟಿಸಿದೆ. ಇನ್ನು ಖರ್ಚು. ವಸ್ತುಗಳೆಲ್ಲ ಪುಕ್ಕಟೆ ಸಿಕ್ಕಿದ್ದು ನಿಜ, ಆದರೆ ಹಲಗೆ, ಅಂಟು, ಮೀಡಿಯಂ ಎಲ್ಲಕ್ಕಿಂತ ಜಾಸ್ತಿ ಹೋದದ್ದು ಪೆಟ್ಟಿಗೆ ಮತ್ತು ಸಾಗಣೆಗೆ. ಉಬ್ಬುತಗ್ಗು ಇರುವ ಕೃತಿಗೆ ಬಬಲ್ ಶೀಟ್ ಸುತ್ತಿದರೆ ಒತ್ತಡಕ್ಕೆ ಮುರಿಯುತ್ತದೆ. ಮುಂದೆ ಏನೂ ತಾಗದಂತೆ ಆಳವಾದ ಪೆಟ್ಟಿಗೆಯೇ ಬೇಕು. ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಕೊಡಲು ಹೋದ ದಿನ ಅಲ್ಲಿದ್ದ ಹುಡುಗ ಪೆಟ್ಟಿಗೆ ಎತ್ತಿ ಮೆಲ್ಲಗೆ ಓರೆ ಮಾಡಿದ. ಗಲಗಲ ಅಂತ ಸದ್ದು. ಅವನ ಮುಖ ಬಿಳಿಚಿಕೊಂಡಿತು.

‘ಮೇಡಂ, ಒಳಗೆ ಏನೋ ಕಳಚಿದೆ.’

‘ಇಲ್ಲಪ್ಪ, ಅದು ಬೀಜ. ಕಾಯಿಯೊಳಗಿದೆ.’

ಅವನಿಗೆ ನಂಬಿಕೆ ಬರಲಿಲ್ಲ. ಬಿಚ್ಚಿ ತೋರಿಸಿದೆ. ಅವನು ಕಿವಿ ಹತ್ತಿರ ತಂದು ಮತ್ತೊಮ್ಮೆ ಓರೆ ಮಾಡಿ ಕೇಳಿದ, ಆಮೇಲೆ ಇನ್ನೊಮ್ಮೆ. ರಶೀದಿಯಲ್ಲಿ ಕೃತಿಯ ಸ್ಥಿತಿ ಬರೆಯುವ ಜಾಗದಲ್ಲಿ ಅವನೇ ಬರೆದ: ‘ಸರಿಯಾಗಿದೆ. ಅಲುಗಿಸಿದರೆ ಸದ್ದು ಬರುತ್ತದೆ.’